ಸಹೃದಯಳಿಗೆ ಪಾಠಪಟ್ಟಿಯಲ್ಲಿ ಸ್ಥಳವಿಲ್ಲವೆ?

ಸಿನಿಮಾ ನೋಡುವುದಕ್ಕೆ ಕಾಲೇಜು ಏತಕ್ಕೆ ಬೇಕು, ಟಾಕೀಸು ಸಾಲದೆ ಎಂದು ನಮ್ಮ ಕನ್ನಡ ವಿದ್ವಾಂಸರಲ್ಲಿ ಅನೇಕರು ಈಗಲೂ ಕೇಳುತ್ತಾರೆ. ಕೇಳುವವರು ಸಾಮಾನ್ಯರಲ್ಲ. ಹಳಗನ್ನಡದ ಎಂತಹ ಗಂಟುಗಂಟಾದ ಪದ್ಯವನ್ನಾದರೂ ಬಿಡಿಸಿ ಕೈಗಿಡಬಲ್ಲವರು. ಆದ್ದರಿಂದಲೇ ಅವರ ಮಾತಿಗೆ ಉತ್ತರ ಹೇಳದೆ ಸುಮ್ಮನಿರುವುದು ಸರಿಯಲ್ಲವೆಂದು ಈ ಬರವಣಿಗೆಗೆ ತೊಡಗಿದ್ದೇನೆ.

ಸಂಗತಿ ಇಷ್ಟು. ನಮ್ಮ ರಾಜ್ಯದಲ್ಲಿ 2021ರಲ್ಲಿ ಹೊಸ ಶಿಕ್ಷಣ ನೀತಿಯೆಂದು ಪದವಿಯ ಪಾಠಪಟ್ಟಿಯನ್ನೆಲ್ಲ ಬಿಚ್ಚಿ ಹೊಲಿದರು. 2024ರಲ್ಲಿ ಅದು ಬೇಡವೆಂದು ಮೂರು ವರ್ಷದ ಪದವಿಗೆ ಹಿಂದಿರುಗಿ ಮತ್ತೊಮ್ಮೆ ಬಿಚ್ಚಿ ಹೊಲಿದರು. ಹೇಗೂ ಬಿಚ್ಚಿದ್ದಾರೆ, ಒಂದು ತೇಪೆ ನಮ್ಮದೂ ಇರಲಿ ಎಂದು ನಾನೂ ನನ್ನಂತಹ ನಾಲ್ಕಾರು ಮಂದಿಯೂ ಒಂದು ಸಲಹೆ ಕೊಟ್ಟೆವು. ಐಚ್ಛಿಕ ಕನ್ನಡದ ಒಂದು ಸೆಮಿಸ್ಟರಿನಲ್ಲಿ, ಒಂದೇ ಒಂದು ಪತ್ರಿಕೆಯಲ್ಲಿ, ಚಲನಚಿತ್ರ, ಧಾರಾವಾಹಿ, ಈಚಿನ ಮೊಬೈಲು ತೆರೆ ಇವುಗಳಲ್ಲಿ ಹೆಣ್ಣುಗಂಡುಗಳ ಚಿತ್ರಣ ಹೇಗಿದೆ, ನೋಡುವವರು ಯಾರು, ಆ ನೋಡುವವರು ಕಾಲದಿಂದ ಕಾಲಕ್ಕೆ ಹೇಗೆ ಬದಲಾದರು ಎಂಬುದನ್ನು ಕಲಿಸೋಣ ಎಂಬುದು ಸಲಹೆ. ಸಭೆಯಲ್ಲಿ ಮೊದಲು ನಗೆ ಬಂತು, ಅದರ ಹಿಂದೆ ಕಾಫಿ ಬಂತು, ಕಾಫಿ ಮುಗಿಯುವಷ್ಟರಲ್ಲಿ ನಮ್ಮ ಸಲಹೆಯೂ ಮುಗಿದಿತ್ತು. "ಅದೆಲ್ಲ ಪತ್ರಿಕೋದ್ಯಮದವರ ಕೆಲಸ" ಎಂಬ ಒಂದು ವಾಕ್ಯ ನಡಾವಳಿಯಲ್ಲಿ ಉಳಿಯಿತು.

ಪತ್ರಿಕೋದ್ಯಮದ ಇಲಾಖೆಗಳ ಬಗ್ಗೆ ನನಗೆ ಗೌರವವಿದೆ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1951ರಲ್ಲಿ ನಾಡಿಗ ಕೃಷ್ಣಮೂರ್ತಿಯವರು ಆ ವಿಷಯವನ್ನು ಪಾಠಕ್ಕೆ ತಂದಾಗಲೂ, ಇದೇನು ಕಾಲೇಜಿನಲ್ಲಿ ಕಲಿಸುವ ವಿದ್ಯೆಯೇ ಎಂದು ಮೂಗು ಮುರಿದವರು ಇದ್ದೇ ಇದ್ದಿರಬೇಕು. ಆದರೆ ಆ ಇಲಾಖೆಗಳು ಮುಖ್ಯವಾಗಿ ಕಲಿಸುವುದು ಸುದ್ದಿ ಮಾಡುವ, ಚಿತ್ರ ಮಾಡುವ, ಕಾರ್ಯಕ್ರಮ ನಡೆಸುವ ಕೆಲಸವನ್ನು. ಅಡಿಗೆ ಕಲಿಸುವ ಮನೆ ಬೇರೆ, ಉಂಡದ್ದು ಮೈಗೆ ಏನು ಮಾಡುತ್ತದೆ ಎಂದು ನೋಡುವ ವಿದ್ಯೆ ಬೇರೆ. ನೂರು ಮಂದಿ ವಿದ್ಯಾರ್ಥಿಗಳಲ್ಲಿ ಮೂವರೋ ನಾಲ್ವರೋ ಮಾಧ್ಯಮದಲ್ಲಿ ದುಡಿಯುತ್ತಾರೆ. ನೂರಕ್ಕೆ ನೂರು ಮಂದಿಯೂ ದಿನಕ್ಕೆ ಮೂರು ನಾಲ್ಕು ಗಂಟೆ ಅದನ್ನು ಉಣ್ಣುತ್ತಾರೆ. ಮೂವರಿಗೆ ಮೂರು ವರ್ಷದ ಪದವಿ, ನೂರು ಮಂದಿಗೆ ಒಂದು ಗಂಟೆಯ ಪಾಠವೂ ಇಲ್ಲ. ಇದು ಯಾವ ಲೆಕ್ಕ?

ಓದುವ ವಿದ್ಯೆ ಯಾರದು ಎಂದು ಕೇಳಿದರೆ, ಅದು ಭಾಷಾಧ್ಯಾಪಕರದು. ನಾವು ಕಾವ್ಯಮೀಮಾಂಸೆಯ ಪಾಠದಲ್ಲಿ ವರ್ಷಕ್ಕೊಮ್ಮೆ ಸಹೃದಯನ ಲಕ್ಷಣವನ್ನು ಹೇಳುತ್ತೇವೆ. ಕವಿಯ ಹೃದಯಕ್ಕೆ ಸಮನಾದ ಹೃದಯವುಳ್ಳವನು, ಕಾವ್ಯಾಭ್ಯಾಸದಿಂದ ತಿಳಿಯಾದ ಮನಸ್ಸಿನವನು, ರಸವನ್ನು ಅನುಭವಿಸಬಲ್ಲವನು ಎಂದೆಲ್ಲ ಬರೆಸುತ್ತೇವೆ. ಹುಡುಗಿಯರೇ ಮುಕ್ಕಾಲು ಪಾಲು ತುಂಬಿರುವ ತರಗತಿಯಲ್ಲಿ 'ಸಹೃದಯನು' ಎಂದು ಇಪ್ಪತ್ತು ವರ್ಷದಿಂದ ಹೇಳುತ್ತ ಬಂದಿದ್ದೇನೆ. ಒಮ್ಮೆ, ಹಿಂದಿನ ಬೆಂಚಿನಿಂದ ಒಬ್ಬಳು, "ಮೇಡಮ್, ಸಹೃದಯಳು ಅಂತ ಇಲ್ಲವಾ?" ಎಂದಳು. ವ್ಯಾಕರಣಕ್ಕೆ ಅಡ್ಡಿಯಿಲ್ಲ; ಶಾಸ್ತ್ರದಲ್ಲಿ ಅವಳನ್ನು ಯಾರೂ ಕರೆದಿಲ್ಲ, ಅಷ್ಟೆ. ಗಾಂಧಿನಗರದ ಸಿನಿಮಾ ಮಂದಿಯೂ ಈ ವಿಷಯದಲ್ಲಿ ಆಲಂಕಾರಿಕರ ಶಿಷ್ಯರೇ. 'ಪ್ರೇಕ್ಷಕ ಮಹಾಪ್ರಭು' ಎಂದು ಕೈಮುಗಿಯುತ್ತಾರೆ. ಪ್ರೇಕ್ಷಕ ಮಹಾರಾಣಿ ಎಂದು ಮುಗಿದವರನ್ನು ನಾನಂತೂ ಕೇಳಿಲ್ಲ.

ಆದರೆ ಆ ಮಹಾರಾಣಿಯ ದುಡ್ಡಿನಿಂದಲೇ ಕನ್ನಡ ಚಿತ್ರರಂಗದ ಒಂದು ಇಡೀ ಯುಗ ನಡೆಯಿತೆಂಬುದನ್ನು ನಮ್ಮ ವಿದ್ಯಾರ್ಥಿಗಳಿಗೆ ಯಾರು ಹೇಳಬೇಕು? 1967ರಲ್ಲಿ 'ಬೆಳ್ಳಿ ಮೋಡ', 1968ರಲ್ಲಿ 'ಹಣ್ಣೆಲೆ ಚಿಗುರಿದಾಗ', 1969ರಲ್ಲಿ 'ಗೆಜ್ಜೆ ಪೂಜೆ', ಆ ಮೇಲೆ 'ಶರಪಂಜರ'. ಈ ನಾಲ್ಕೂ ಕಾದಂಬರಿಯಿಂದ ಬಂದ ಚಿತ್ರಗಳು. ನಾಲ್ಕು ಕಾದಂಬರಿಗಳನ್ನೂ ಬರೆದವರು ಹೆಂಗಸರು. ಮೂರು ತ್ರಿವೇಣಿಯವರವು, ಒಂದು ಎಂ. ಕೆ. ಇಂದಿರಾ ಅವರದು. ಪುಟ್ಟಣ್ಣ ಕಣಗಾಲರ ಪ್ರತಿಭೆಯನ್ನು ಎಷ್ಟು ಹೊಗಳಿದರೂ ಸಾಲದು, ಒಪ್ಪಿದೆ. ಆದರೆ ಆ ಪ್ರತಿಭೆ ನೆಲೆ ನಿಂತದ್ದು ಯಾರ ಮೇಲೆ? ಮಧ್ಯಾಹ್ನದ ಹೊತ್ತು ವಾರಪತ್ರಿಕೆಯ ಧಾರಾವಾಹಿಯನ್ನು ಕತ್ತರಿಸಿ ದಾರದಲ್ಲಿ ಹೊಲಿದು ಇಟ್ಟುಕೊಳ್ಳುತ್ತಿದ್ದ, ಬಾಡಿಗೆ ಲೈಬ್ರರಿಯ ಪುಸ್ತಕವನ್ನು ಅಕ್ಕಿಡಬ್ಬದ ಹಿಂದೆ ಬಚ್ಚಿಟ್ಟು ಓದುತ್ತಿದ್ದ ಓದುಗಿತ್ತಿಯರ ಮೇಲೆ. ಕಾದಂಬರಿ ಓದಿದರೆ ಹೆಣ್ಣುಮಕ್ಕಳು ಕೆಡುತ್ತಾರೆಂದು ಹೇಳಿದ ಹಿರಿಯರು ಆಗಲೂ ಇದ್ದರು. ಇಂದು ಸೀರಿಯಲ್ ನೋಡಿ ಕೆಡುತ್ತಾರೆ ಎನ್ನುವವರು ಅವರ ಮೊಮ್ಮಕ್ಕಳಿರಬಹುದು. ಆ ಓದುಗಿತ್ತಿಯರ ವಂಶಾವಳಿ ಇನ್ನೂ ಹಿಂದಕ್ಕೆ, ನಂಜನಗೂಡಿನಲ್ಲಿ ಕುಳಿತು ತಾವೇ ಬರೆದು ತಾವೇ ಪ್ರಕಟಿಸಿದ ತಿರುಮಲಾಂಬ ಅವರವರೆಗೆ, 'ಸರಸ್ವತಿ' ಮಾಸಪತ್ರಿಕೆಯನ್ನು ದಶಕಗಳ ಕಾಲ ನಡೆಸಿದ ಆರ್. ಕಲ್ಯಾಣಮ್ಮನವರವರೆಗೆ ಹೋಗುತ್ತದೆ. ಸಾಹಿತ್ಯಚರಿತ್ರೆಯ ಪಾಠದಲ್ಲಿ ಇವರಿಗೆ ತಲಾ ಒಂದು ವಾಕ್ಯ ಸಿಕ್ಕುತ್ತದೆ. ಇವರನ್ನು ಓದಿದವರಿಗೆ ಅರ್ಧ ವಾಕ್ಯವೂ ಇಲ್ಲ.

'ಶರಪಂಜರ'ವನ್ನೇ ತೆಗೆದುಕೊಳ್ಳಿ. ಮನಶ್ಶಾಸ್ತ್ರ ಓದಿದ್ದ ತ್ರಿವೇಣಿಯವರು 1963ರಲ್ಲಿಯೇ ತೀರಿಕೊಂಡರು. ಚಿತ್ರವನ್ನು ಅವರು ಕಾಣಲಿಲ್ಲ. ಬಾಣಂತಿತನದಲ್ಲಿ ಮನಸ್ಸು ಕದಡಿ, ಆಸ್ಪತ್ರೆಗೆ ಹೋಗಿ, ಗುಣವಾಗಿ ಮನೆಗೆ ಬಂದ ಕಾವೇರಿಯನ್ನು ಗಂಡನಾಗಲಿ ನೆರೆಹೊರೆಯಾಗಲಿ ಗುಣವಾದವಳೆಂದು ಒಪ್ಪುವುದೇ ಇಲ್ಲ. ಅವಳು ಕೋಪಿಸಿಕೊಂಡರೆ ಹುಚ್ಚು, ನಕ್ಕರೂ ಹುಚ್ಚು. ಕೊನೆಗೆ ಅವಳನ್ನು ಮತ್ತೆ ಅಲ್ಲಿಗೇ ನೂಕುವುದು ರೋಗವಲ್ಲ, ಮನೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಈ ಚಿತ್ರವನ್ನು ತರಗತಿಯಲ್ಲಿ ತೋರಿಸಿದಾಗ ಹುಡುಗಿಯರು ಅತ್ತರು. ಕಲ್ಪನಾ ಅವರ ಅಭಿನಯಕ್ಕೆ ಅಳದಿರುವುದು ಕಷ್ಟ. ಅಳು ಮುಗಿದ ಮೇಲೆ ಕೇಳಿದ ಪ್ರಶ್ನೆಗಳೆಲ್ಲ ಕಾವೇರಿಯನ್ನು ಕುರಿತವು. ಅವಳು ಮದುವೆಗೆ ಮುಂಚೆ ಮಾಡಿದ್ದು ತಪ್ಪೋ ಅಲ್ಲವೋ? ಗಂಡನಿಗೆ ಮೊದಲೇ ಹೇಳಬೇಕಿತ್ತೋ ಬೇಡವೋ? ಎರಡು ವರ್ಷದ ಹಿಂದೆ ಅದೇ ಚಿತ್ರವನ್ನು ಅದೇ ಕೊಠಡಿಯಲ್ಲಿ ತೋರಿಸಿದೆ. ಅಳು ಕಡಮೆ, ಸಿಟ್ಟು ಹೆಚ್ಚು. "ಇವಳು ಏಕೆ ಕೆಲಸಕ್ಕೆ ಹೋಗಬಾರದು?" "ಡೈವೋರ್ಸ್ ಯಾಕೆ ಕೇಳಲಿಲ್ಲ?" "ಬಾಣಂತಿಯರಿಗೆ ಹೀಗಾಗುತ್ತದೆ ಅಂತ ಗಂಡನಿಗೆ ಯಾವ ಡಾಕ್ಟರೂ ತಿಳಿಸಿ ಹೇಳಲಿಲ್ಲವಾ?" ಒಬ್ಬ ಹುಡುಗ ಮಾತ್ರ ಪಾಠ ಮುಗಿದ ಮೇಲೆ ನಿಂತುಕೊಂಡು, ತನ್ನ ಚಿಕ್ಕಮ್ಮನಿಗೂ ಹೀಗೆಯೇ ಆಗಿತ್ತೆಂದೂ, ಮನೆಯಲ್ಲಿ ಯಾರೂ ಆ ಮಾತು ಎತ್ತುವುದಿಲ್ಲವೆಂದೂ ತಗ್ಗಿದ ದನಿಯಲ್ಲಿ ಹೇಳಿದ.

ಚಿತ್ರ ಅದೇ, ಒಂದು ಅಡಿ ಉದ್ದವೂ ಬದಲಾಗಿಲ್ಲ. ನೋಡುವವರು ಬದಲಾದರು, ಆದ್ದರಿಂದ ಚಿತ್ರವೂ ಬೇರೆಯಾಯಿತು. ಇದು ಸಾಹಿತ್ಯದ ಪ್ರಶ್ನೆಯಲ್ಲದೆ ಮತ್ತೇನು? ಪಂಪನನ್ನು ಅವನ ಕಾಲದವರು ಓದಿದಂತೆ ನಾವು ಓದುವುದಿಲ್ಲವೆಂದು ನಾವೇ ಸೆಮಿನಾರುಗಳಲ್ಲಿ ಗಂಟಲು ಹರಿಯುವಂತೆ ಹೇಳುತ್ತೇವೆ. ಸಾವಿರ ವರ್ಷದ ಅಂತರದಲ್ಲಿ ಒಪ್ಪುವ ಮಾತು ಇಪ್ಪತ್ತು ವರ್ಷದ ಅಂತರದಲ್ಲಿ ಕಣ್ಣೆದುರಿಗೇ ನಡೆದರೆ ಒಪ್ಪಲಾರೆವೆ?

ಇಲ್ಲಿ ನನ್ನ ವಾದದ ಇನ್ನೊಂದು ಮಗ್ಗುಲನ್ನು ಹೇಳಬೇಕು. ನನಗೆ ಎದುರಾಳಿಗಳು ಎರಡು ಕಡೆ ಇದ್ದಾರೆ. ಸಿನಿಮಾ ಪಾಠವಲ್ಲ ಎನ್ನುವವರು ಒಂದು ಕಡೆ. ಇನ್ನೊಂದು ಕಡೆ, ಪಾಠವೇನೋ ಹೌದು, ಆದರೆ ಅದಕ್ಕೆ ಬೇಕಾದ ಸಿದ್ಧಾಂತವೆಲ್ಲ ಡಬ್ಬಿಯಲ್ಲಿ ತಯಾರಾಗಿ ಬಂದಿದೆ, ಮುಚ್ಚಳ ತೆಗೆದು ಬಡಿಸುವುದಷ್ಟೇ ಉಳಿದಿದೆ ಎನ್ನುವವರು. ಎರಡನೆಯವರಿಂದ ಆಗುವ ಹಾನಿ ಕಡಮೆಯದಲ್ಲ. 'ಪ್ರತಿನಿಧೀಕರಣ', 'ಪುರುಷನೋಟ', 'ಲಿಂಗತ್ವ ರಾಜಕಾರಣ' ಎಂದು ಪದಗಳನ್ನು ಬರೆಸಿ, ಒಂದೊಂದಕ್ಕೂ ಐದೈದು ಲಕ್ಷಣ ಹೇಳಿಕೊಟ್ಟರೆ, ಗೈಡು ಬರೆಯುವವರಿಗೆ ಹಬ್ಬ. ಮಗು ಲಕ್ಷಣಗಳನ್ನು ಬಾಯಿಪಾಠ ಮಾಡಿ, ಪರೀಕ್ಷೆ ಬರೆದು, ಹಾಸ್ಟೆಲಿಗೆ ಹೋಗಿ ಅದೇ ರೀಲ್ಸನ್ನು ಅದೇ ಕಣ್ಣಿನಿಂದ ನೋಡುತ್ತದೆ.

ಲಾರಾ ಮಲ್ವಿ ಎಂಬ ಇಂಗ್ಲೆಂಡಿನ ವಿದುಷಿ 1975ರಲ್ಲಿ ಒಂದು ಪ್ರಬಂಧ ಬರೆದು, ಹಾಲಿವುಡ್ಡಿನ ಕ್ಯಾಮೆರಾ ಗಂಡಿನ ಕಣ್ಣಾಗಿ ನಿಂತು ಹೆಣ್ಣನ್ನು ನೋಡುವ ವಸ್ತುವನ್ನಾಗಿ ಮಾಡುತ್ತದೆಂದು ತೋರಿಸಿದರು. ದೊಡ್ಡ ಮಾತು, ಅನುಮಾನವಿಲ್ಲ. ಆದರೆ ನೋಟ ನಿರಪಾಯವಲ್ಲವೆಂಬ ಸಂಗತಿ ಮಗುವಿನ ಕೆನ್ನೆಗೆ ದೃಷ್ಟಿಬೊಟ್ಟು ಇಡುವ ನಮ್ಮ ಅಜ್ಜಿಯರಿಗೆ ಹೊಸದಲ್ಲ. 'ಕಣ್ಣು ಹಾಕಿದ', 'ಕಣ್ಣಲ್ಲೇ ನುಂಗಿದ' ಎನ್ನುವ ಭಾಷೆಯಲ್ಲಿ ಆ ಪಾಠವನ್ನು ತೊಡಗಿದರೆ ತರಗತಿ ಐದು ನಿಮಿಷದಲ್ಲಿ ಮಲ್ವಿಯವರ ಮನೆಬಾಗಿಲಿಗೆ ತಲುಪುತ್ತದೆ. ಅಲ್ಲಿಗೆ ನಿಲ್ಲದೆ ಮುಂದೆಯೂ ಹೋಗುತ್ತದೆ. ಏಕೆಂದರೆ ಹುಡುಗಿಯರು ತಕ್ಷಣ ಕೇಳುವ ಪ್ರಶ್ನೆ: "ಹಾಗಾದರೆ ನಾವು ನೋಡುವಾಗ ಯಾರ ಕಣ್ಣಿನಿಂದ ನೋಡುತ್ತೇವೆ?" ಮಲ್ವಿಯವರೂ ಹೆಣ್ಣು ಪ್ರೇಕ್ಷಕಿಯ ಪ್ರಶ್ನೆಯನ್ನು ಎತ್ತಿಕೊಂಡು 1981ರಲ್ಲಿ ಮತ್ತೊಮ್ಮೆ ಬರೆಯಬೇಕಾಯಿತು. ನಮ್ಮ ನೋಟ್ಸುಗಳು ಮಾತ್ರ 1975ರಲ್ಲಿಯೇ ನಿಂತಿವೆ.

ಬೆಕ್‌ಡೆಲ್ ಪರೀಕ್ಷೆ ಎಂದು ಇನ್ನೊಂದುಂಟು. ಅಮೆರಿಕದ ವ್ಯಂಗ್ಯಚಿತ್ರಗಾರ್ತಿ ಆಲಿಸನ್ ಬೆಕ್‌ಡೆಲ್ 1985ರ ಒಂದು ಚಿತ್ರಪಟ್ಟಿಯಲ್ಲಿ ಹೇಳಿದ್ದು: ಚಿತ್ರದಲ್ಲಿ ಇಬ್ಬರು ಹೆಂಗಸರಾದರೂ ಇರಬೇಕು, ಅವರು ಪರಸ್ಪರ ಮಾತಾಡಬೇಕು, ಆ ಮಾತು ಗಂಡಸನ್ನು ಬಿಟ್ಟು ಬೇರೆ ಏನನ್ನಾದರೂ ಕುರಿತಿರಬೇಕು. ನಗೆಯಲ್ಲಿ ಹುಟ್ಟಿದ್ದನ್ನು ನಮ್ಮವರು ಗಣಿತವೆಂದು ತಿಳಿದು ತಂದಿದ್ದಾರೆ. ಪ್ರೇಮಾ ಕಾರಂತರ 'ಫಣಿಯಮ್ಮ' (1983) ಈ ಪರೀಕ್ಷೆಯಲ್ಲಿ ನಿರಾಯಾಸವಾಗಿ ಪಾಸಾಗುತ್ತದೆ. ಸಂತೋಷ. ಆದರೆ ಸಂಜೆ ಏಳು ಗಂಟೆಯ ಯಾವ ಧಾರಾವಾಹಿಯಾದರೂ ಡಿಸ್ಟಿಂಕ್ಷನ್ನಿನಲ್ಲಿ ಪಾಸಾಗುತ್ತದಲ್ಲ! ಅಲ್ಲಿ ಅತ್ತೆ, ಸೊಸೆ, ನಾದಿನಿ, ಓರಗಿತ್ತಿ ಇವರದೇ ರಾಜ್ಯ. ಆಸ್ತಿ, ಬೀಗದ ಕೈ, ಪೂಜೆ, ವಿಷ ಎಲ್ಲದರ ಮೇಲೂ ಹೆಂಗಸರೇ ಮಾತಾಡುತ್ತಾರೆ. ಗಂಡಸರು ಸೋಫಾದಂತೆ ಒಂದು ಕಡೆ ಇರುತ್ತಾರೆ. ಇದು ಸ್ತ್ರೀಸ್ವಾತಂತ್ರ್ಯವೋ? ಅಲ್ಲವೆಂದು ಎಲ್ಲರಿಗೂ ಗೊತ್ತು. ಏಕೆ ಅಲ್ಲವೆಂದು ಹೇಳುವುದಕ್ಕೆ ಎಣಿಕೆ ಸಾಲದು, ಓದಬೇಕು, ನೋಡುವವರನ್ನು ಕೇಳಬೇಕು.

ನೋಡುವವರನ್ನು ಕೇಳದೆ ತೀರ್ಪು ಕೊಡುವ ಚಟ ನಮ್ಮಲ್ಲಿ ಬಹಳ. ಹಾಲೆಂಡಿನಲ್ಲಿ ಈನ್ ಆಂಗ್ ಎಂಬ ಸಂಶೋಧಕಿ 'ಡಲ್ಲಾಸ್' ಎಂಬ ಅಮೆರಿಕನ್ ಧಾರಾವಾಹಿಯನ್ನು ಜನ ಏಕೆ ನೋಡುತ್ತಾರೆಂದು ತಿಳಿಯಲು, ಒಂದು ಮಹಿಳಾ ಪತ್ರಿಕೆಯಲ್ಲಿ ಚಿಕ್ಕ ಜಾಹೀರಾತು ಕೊಟ್ಟರು. ಬಂದ ಪತ್ರಗಳು 42. ಅಷ್ಟನ್ನೇ ಇಟ್ಟುಕೊಂಡು 1982ರಲ್ಲಿ ಅವರು ಬರೆದ ಪುಸ್ತಕ ಇಂದಿಗೂ ಪಾಠವಾಗಿದೆ. ಕನ್ನಡದ ವಾರಪತ್ರಿಕೆಗಳ ಕಚೇರಿಗಳಿಗೆ ಧಾರಾವಾಹಿಗಳ ಬಗ್ಗೆ, ಚಿತ್ರಗಳ ಬಗ್ಗೆ ಹೆಂಗಸರು ಬರೆದ ಪತ್ರಗಳು ಮೂಟೆಗಟ್ಟಲೆ ಬಂದಿರಬೇಕು. ಅಚ್ಚಾದವು ಹಳೆಯ ಸಂಚಿಕೆಗಳಲ್ಲಿ ಈಗಲೂ ಇವೆ. ಯಾರಾದರೂ ಎಂ.ಎ. ವಿದ್ಯಾರ್ಥಿಯನ್ನು ಅವುಗಳ ಮುಂದೆ ಒಂದು ತಿಂಗಳು ಕೂರಿಸಿದ್ದೇವೆಯೆ?

ಟೆಲಿವಿಷನ್ ಕಂಪನಿಗಳು ಮಾತ್ರ ಪ್ರೇಕ್ಷಕಿಯನ್ನು ಮರೆತಿಲ್ಲ. ಅವಳನ್ನು ಅವರು ತೂಗಿ ಮಾರುತ್ತಾರೆ. 2015ರಿಂದ ಬಾರ್ಕ್ ಎಂಬ ಸಂಸ್ಥೆ ದೇಶದಲ್ಲಿ ಆಯ್ದ ಮನೆಗಳ ಟೀವಿಗೆ ಮೀಟರು ಕೂರಿಸಿ, ಯಾವ ಕಾರ್ಯಕ್ರಮವನ್ನು ಯಾರು ನೋಡಿದರೆಂದು ಲೆಕ್ಕ ಇಡುತ್ತ ಬಂದಿದೆ. ಮನೆಯ ಒಬ್ಬೊಬ್ಬರಿಗೂ ಒಂದೊಂದು ಗುಂಡಿ. ನೋಡಲು ಕುಳಿತಾಗ ಒತ್ತಬೇಕು. ಮನೆ ಯಾವ ವರ್ಗದ್ದೆಂದು ತೀರ್ಮಾನಿಸುವ ರೀತಿ ಇನ್ನೂ ಸ್ವಾರಸ್ಯವಾದದ್ದು. ಮುಖ್ಯ ದುಡಿಮೆಗಾರ ಎಷ್ಟು ಓದಿದ್ದಾನೆ, ಮನೆಯಲ್ಲಿ ಫ್ರಿಜ್ಜು, ಕಾರು ಮುಂತಾದ 11 ವಸ್ತುಗಳ ಪಟ್ಟಿಯಲ್ಲಿ ಎಷ್ಟಿವೆ, ಇವೆರಡೇ ಸಾಕು. ಗುಂಡಿ ಒತ್ತುವವಳು ಗೃಹಿಣಿ, ವರ್ಗ ಗಂಡನದು. ಒಬ್ಬಳು ಒತ್ತಿದ ಗುಂಡಿ ಸಾವಿರಾರು ಜನರ ರುಚಿಯಾಗಿ ಲೆಕ್ಕಕ್ಕೆ ಬಂದು, ಆ ಲೆಕ್ಕ ಸೋಪಿನ ಜಾಹೀರಾತಿನ ದರವಾಗಿ, ಆ ದರ ಕಥೆಯ ತಿರುವಾಗಿ ಹಿಂದಿರುಗುತ್ತದೆ. ನಾಯಕಿ ಎರಡನೆಯ ವಾರವೂ ಪ್ರಜ್ಞೆತಪ್ಪಿ ಮಲಗಿರುವುದರ ಕಾರಣ ಕಥೆಗಾರನ ಬುದ್ಧಿಯಲ್ಲಿಲ್ಲ, ಈ ಲೆಕ್ಕದಲ್ಲಿದೆ. ಇದನ್ನು ಪಾಠದಲ್ಲಿ ಹೇಳಿದ ದಿನ ನನ್ನ ವಿದ್ಯಾರ್ಥಿನಿಯೊಬ್ಬಳು ಮನೆಗೆ ಹೋಗಿ ತಾಯಿಗೆ ವಿವರಿಸಿದಳಂತೆ. "ನಮ್ಮನೇಲಿ ಗುಂಡಿ ಇಲ್ಲ, ಹಾಗಾದರೆ ನಾನು ಇಷ್ಟು ವರ್ಷ ನೋಡಿದ್ದು ಯಾರ ಲೆಕ್ಕಕ್ಕೆ?" ಎಂದರಂತೆ ಆ ತಾಯಿ. ಆ ಪ್ರಶ್ನೆಗೆ ನಾನು ಹತ್ತಕ್ಕೆ ಹತ್ತು ಅಂಕ ಕೊಡುತ್ತೇನೆ.

'ಪುಟ್ಟಗೌರಿ ಮದುವೆ'ಯನ್ನು ವಾಚಕರು ಮರೆತಿರಲಾರರು. ಹಿಂದಿಯ 'ಬಾಲಿಕಾ ವಧು'ವಿನಿಂದ ಬಂದು 2012ರ ಕೊನೆಯಿಂದ 2018ರವರೆಗೆ ನಡೆಯಿತು. ಬಾಲ್ಯವಿವಾಹದ ವಿಷಯದಿಂದ ತೊಡಗಿದ್ದು ಹೋಗುತ್ತ ಹೋಗುತ್ತ ಕಾಡು, ಪ್ರಪಾತ, ಹುಲಿ ಇವನ್ನೆಲ್ಲ ಕಂಡಿತು. ಆಗ ಹುಡುಗರು ಮೊಬೈಲಿನಲ್ಲಿ ಮಾಡಿದ ಗೇಲಿ ಅಷ್ಟಿಷ್ಟಲ್ಲ; ಗೌರಿ ಸಾಯುವುದೇ ಇಲ್ಲವೆಂದು ನಾಡೆಲ್ಲ ನಕ್ಕಿತು. ನಾನೂ ನಕ್ಕಿದ್ದೇನೆ, ನಗದಿರಲು ನಾನೇನು ಕಲ್ಲೆ? ಆದರೆ ನಕ್ಕ ಹುಡುಗರೇ ಆ ವಾರಾಂತ್ಯದಲ್ಲಿ ಹೋಗಿ, ನಾಯಕನೊಬ್ಬ ಬರಿಗೈಯಲ್ಲಿ ಇಪ್ಪತ್ತು ಮಂದಿಯನ್ನು ಆಕಾಶಕ್ಕೆ ಎಸೆಯುವುದನ್ನು ಸಿಳ್ಳೆ ಹಾಕಿ ನೋಡಿ ಬಂದರು. ಗೌರಿ ಬದುಕುವುದು ಅಸಂಭಾವ್ಯ, ನಾಯಕ ಬದುಕುವುದು ಮಾಸ್! ಅಸಂಭಾವ್ಯತೆಯಲ್ಲಿ ಎರಡಕ್ಕೂ ಕೂದಲೆಳೆಯ ಅಂತರವಿಲ್ಲ. ಅಂತರವಿರುವುದು ನೋಡುವವರಲ್ಲಿ: ಒಂದನ್ನು ತಾಯಿ ನೋಡುತ್ತಾಳೆ, ಇನ್ನೊಂದನ್ನು ಮಗ. ಗೇಲಿ ಧಾರಾವಾಹಿಗೆ ಎಷ್ಟು ತಗುಲಿತೋ ತಾಯಿಗೂ ಅಷ್ಟೇ ತಗುಲಿತು. ತರಗತಿಯಲ್ಲಿ ಈ ಮಾತು ಹೇಳಿದಾಗ ಹುಡುಗರ ಸಾಲಿನಲ್ಲಿ ಒಂದು ನಿಮಿಷ ಸದ್ದೇ ಇರಲಿಲ್ಲ.

ಇನ್ನು ಚಿತ್ರಮಂದಿರದ ಪ್ರೇಕ್ಷಕಿ ಎಲ್ಲಿ ಹೋದಳು? ಎಷ್ಟೋ ಟಾಕೀಸುಗಳಲ್ಲಿ ಹೆಂಗಸರಿಗೇ ಒಂದು ಟಿಕೇಟಿನ ಕಿಂಡಿ, ಒಂದು ಸಾಲು ಇರುತ್ತಿತ್ತು. ಗಂಡಸರು ಗಾಂಧಿ ಕ್ಲಾಸಿನಲ್ಲಿ ಕೂಗಾಡುತ್ತಿದ್ದರೆ, ಮ್ಯಾಟಿನಿಗೆ ಬಂದ ಹೆಂಗಸರು ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, ಗಂಡನ ಊಟದ ಹೊತ್ತು ಕಳೆದು, ಮಕ್ಕಳ ಶಾಲೆ ಬಿಡುವ ಹೊತ್ತಿಗೆ ಮುಂಚೆ ಮುಗಿಯುವ ಆ ಮೂರು ಗಂಟೆಗಳನ್ನು ತಮ್ಮದೇ ಆಗಿ ಮಾಡಿಕೊಂಡಿದ್ದರು. ಅದು ಪ್ರತ್ಯೇಕಿಸಿದ ಸಾಲೂ ಹೌದು, ಸ್ವಂತದ ಸಾಲೂ ಹೌದು. ಬೆಂಗಳೂರಿನ ಕಪಾಲಿ ಚಿತ್ರಮಂದಿರ 2017ರಲ್ಲಿ ಮುಚ್ಚಿದಾಗ ಪತ್ರಿಕೆಗಳು ತೆರೆಯ ಅಗಲವನ್ನೂ ನಾಯಕರ ಶತದಿನೋತ್ಸವಗಳನ್ನೂ ನೆನೆದವು. ಮ್ಯಾಟಿನಿಯ ಹೆಂಗಸರನ್ನು ನೆನೆದ ಬರಹ ನನ್ನ ಕಣ್ಣಿಗಂತೂ ಬೀಳಲಿಲ್ಲ. ಮಲ್ಟಿಪ್ಲೆಕ್ಸಿನಲ್ಲಿ ಎಲ್ಲರಿಗೂ ಒಂದೇ ಸಾಲು, ಸಮಾನತೆ. ಆದರೆ ಒಂದು ಟಿಕೇಟಿನ ಬೆಲೆ ಗಾರ್ಮೆಂಟ್ಸಿನಲ್ಲಿ ದುಡಿಯುವವಳ ದಿನಗೂಲಿಯ ಎಷ್ಟು ಪಾಲು ಎಂದು ಲೆಕ್ಕ ಹಾಕಿದರೆ ಸಮಾನತೆಯ ಬಣ್ಣ ಬಿಡುತ್ತದೆ. ಅವಳು ಮೊಬೈಲಿಗೆ ಹೋದಳು.

ಅವಳ ಮಗಳು ಇನ್ನೂ ದೂರ ಹೋದಳು. ನನ್ನ ತರಗತಿಯ ಹುಡುಗಿಯರಲ್ಲಿ ಅನೇಕರು ಕೊರಿಯಾ ದೇಶದ ಧಾರಾವಾಹಿಗಳನ್ನು ಇಯರ್‌ಫೋನ್ ಹಾಕಿಕೊಂಡು ಒಬ್ಬೊಬ್ಬರೇ ನೋಡುತ್ತಾರೆ, ಇಂಗ್ಲಿಷಿನ ಅಡಿಬರಹದಲ್ಲೋ ಹಿಂದಿಯ ದನಿಯಲ್ಲೋ. ಏಕೆ ಎಂದು ಕೇಳಿದೆ. "ಅದರಲ್ಲಿ ಹುಡುಗ ಹುಡುಗಿ ಹೇಳುವುದನ್ನು ಪೂರ್ತಿ ಕೇಳುತ್ತಾನೆ ಮೇಡಮ್" ಎಂದಳು ಒಬ್ಬಳು. ಕನ್ನಡ ಚಿತ್ರಗಳ ಮೇಲೆ ಇದಕ್ಕಿಂತ ಕಠಿನವಾದ ವಿಮರ್ಶೆಯನ್ನು ಈಚೆಗೆ ನಾನು ಓದಿಲ್ಲ. ಡಬ್ಬಿಂಗ್ ಬಾರದಂತೆ ನಾವು ಸುಮಾರು ಅರ್ಧ ಶತಮಾನ ಬಾಗಿಲು ಹಾಕಿಕೊಂಡಿದ್ದೆವು. ಆ ಬಾಗಿಲಿಗೆ ಆಗ ಕಾರಣವಿತ್ತು. ಕನ್ನಡದ ಕಲಾವಿದರು, ಕೆಲಸಗಾರರು ಬದುಕಬೇಕಾಗಿತ್ತು. ಆದರೆ 2012ರಲ್ಲಿ 'ಸತ್ಯಮೇವ ಜಯತೆ'ಯಂತಹ ಕಾರ್ಯಕ್ರಮ, ಹೆಣ್ಣುಭ್ರೂಣಹತ್ಯೆಯಿಂದಲೇ ತೊಡಗಿದ್ದು, ನೆರೆಯ ಭಾಷೆಗಳಲ್ಲಿ ಬಂದರೂ ಕನ್ನಡದಲ್ಲಿ ಬಾರದೆ ಹೋಯಿತು. ಆಗ ಬೇಕೆಂದವರೂ ಬೇಡವೆಂದವರೂ ವೇದಿಕೆಯ ಮೇಲೆ ಮಾತಾಡಿದರು, ಬಹುಮಟ್ಟಿಗೆ ಗಂಡಸರು. ಸಂಜೆ ಟೀವಿಯ ಮುಂದೆ ಕೂರುವವಳನ್ನು ಯಾರೂ ಕೇಳಲಿಲ್ಲ. 2015ರಲ್ಲಿ ಸ್ಪರ್ಧಾ ಆಯೋಗ ಆ ತಡೆ ಸಲ್ಲದೆಂದಿತು. 2020ರ ಲಾಕ್‌ಡೌನಿನಲ್ಲಿ 'ಮಹಾಭಾರತ' ಧಾರಾವಾಹಿ ಕನ್ನಡದ ದನಿಯಲ್ಲಿ ಬಂದಾಗ ಮನೆಮನೆಯಲ್ಲೂ ನೋಡಿದರು. ಕನ್ನಡ ಮುಳುಗಲಿಲ್ಲ. ಭಾಷೆಯನ್ನು ಉಳಿಸುವವರ ಪಟ್ಟಿಯಲ್ಲಿ ಲೇಖಕರಿದ್ದಾರೆ, ಹೋರಾಟಗಾರರಿದ್ದಾರೆ. ನೋಡುವವಳು, ಕೇಳುವವಳು ಇಲ್ಲ. ಕನ್ನಡ ಅಧ್ಯಾಪಕರಿಗೆ ಇದು ಸಂಬಂಧಪಡದ ವಿಷಯವೆ?

ಇಷ್ಟೆಲ್ಲ ವಾದದ ಬುಡದಲ್ಲಿ ಒಂದು ಘಟನೆಯಿದೆ. ಅದನ್ನು ಹೇಳದಿದ್ದರೆ ನಾನು ಏಕೆ ಇಷ್ಟು ಕಾವೇರಿ ಬರೆಯುತ್ತಿದ್ದೇನೆಂದು ತಿಳಿಯಲಾರದು. 'ಕಾಂತಾರ' (2022) ಬಂದ ವರ್ಷ ಅದರಲ್ಲಿ ಶಿವ ಲೀಲೆಯ ಸೊಂಟ ಚಿವುಟುವ ದೃಶ್ಯದ ಮೇಲೆ ತರಗತಿಯಲ್ಲಿ ಚರ್ಚೆ ಇಟ್ಟೆ. ಚಿತ್ರದ ಕಸುಬಿನ ಬಗ್ಗೆ, ದೈವದ ಭಾಗದ ಬಗ್ಗೆ ನನ್ನ ಮೆಚ್ಚಿಕೆ ದೊಡ್ಡದು. ಅರಣ್ಯ ಇಲಾಖೆಯ ಸಮವಸ್ತ್ರ ತೊಟ್ಟು ತನ್ನ ಊರವರ ವಿರುದ್ಧವೇ ಬೇಲಿಯ ಕೆಲಸಕ್ಕೆ ನಿಲ್ಲಬೇಕಾದ ಲೀಲೆಯ ಇಕ್ಕಟ್ಟು ಒಂದು ಇಡೀ ಕಾದಂಬರಿಗೆ ಸಾಕಾಗುವಂತಹದು. ಚಿತ್ರಕ್ಕೆ ಅದರಲ್ಲಿ ಅಷ್ಟು ಆಸಕ್ತಿಯಿಲ್ಲ. ಹುಡುಗರು "ಊರ ಕಡೆ ಹಾಗೇ ಇರುತ್ತೆ, ಪ್ರೀತಿ ಅದು" ಎಂದರು. ಒಬ್ಬ ಹುಡುಗಿ ಎದ್ದು, "ಬಸ್ಸಿನಲ್ಲಿ ಚಿವುಟಿದವನೂ ಪ್ರೀತಿ ಅಂತಾನೇ ಅಂದುಕೊಂಡಿರಬಹುದು" ಎಂದಳು. ಅದೇ ಹುಡುಗಿ ಕೆಲವು ತಿಂಗಳ ಮೇಲೆ ವಚನವೊಂದನ್ನು ತಾನೇ ರಾಗ ಹಾಕಿ ಹಾಡಿ ಮೊಬೈಲಿನಲ್ಲಿ ಹಾಕಿದಳು. ಚೆನ್ನಾಗಿಯೇ ಹಾಡಿದ್ದಳು. ಎರಡು ದಿನದಲ್ಲಿ ಅದರ ಕೆಳಗೆ ನೂರಾರು ಮಾತುಗಳು ಬಂದವು. ಹಾಡಿನ ಬಗ್ಗೆ ಹತ್ತು ಇರಬಹುದು, ಉಳಿದವೆಲ್ಲ ಅವಳ ಮೈಯ ಬಗ್ಗೆ. ಬರೆದವರಲ್ಲಿ ಇಬ್ಬರು ನಮ್ಮ ಕಾಲೇಜಿನವರೇ. ಒಬ್ಬ ಆ ಚರ್ಚೆಯ ದಿನ ಮೂರನೆಯ ಬೆಂಚಿನಲ್ಲಿದ್ದವನು. ಅವಳು ಹಾಡನ್ನು ತೆಗೆದುಹಾಕಿದಳು. ಆ ಮೇಲೆ ತರಗತಿಯಲ್ಲಿಯೂ ಹಾಡಲಿಲ್ಲ.

ಒಂದು ಚರ್ಚೆಯಿಂದ ಏನಾಯಿತು ಎಂದು ಕೇಳುವವರು ಕೇಳಬಹುದು. ಒಂದು ಚರ್ಚೆಯಿಂದ ಏನೂ ಆಗಲಿಲ್ಲ, ನಿಜ. ಛಂದಸ್ಸನ್ನು ನಾವು ಒಂದು ಗಂಟೆಯ ಚರ್ಚೆಯಲ್ಲಿ ಕಲಿಸುತ್ತೇವೆಯೆ? ಆರು ತಿಂಗಳು ಪ್ರಸ್ತಾರ ಹಾಕಿಸುತ್ತೇವೆ, ತಪ್ಪಿದರೆ ಮತ್ತೆ ಹಾಕಿಸುತ್ತೇವೆ, ಅಂಕ ಕಳೆಯುತ್ತೇವೆ. ಮೂರನೆಯ ಬೆಂಚಿನವನಿಗೆ ಗಣವಿಭಾಗ ಮಾಡಲು ಬರುತ್ತದೆ. ತಾನು ಬರೆದ ಎರಡು ಸಾಲು ಇನ್ನೊಬ್ಬಳಿಗೆ ಏನು ಮಾಡಿತೆಂದು ಓದಲು ಬರುವುದಿಲ್ಲ. ಅವನು ಪ್ರೇಕ್ಷಕನೂ ಹೌದು, ಈಗ ಬರಹಗಾರನೂ ಹೌದು. ಈ ಎರಡು ವೇಷ ಒಬ್ಬನಲ್ಲೇ ಕೂಡಿದ್ದು ನಮ್ಮ ಕಾಲದ ಹೊಸ ಸಂಗತಿ, ಅದಕ್ಕೆ ತಕ್ಕ ಪಾಠ ನಮ್ಮ ಪಟ್ಟಿಯಲ್ಲಿಲ್ಲ.

ಕಲಿಸುವವರು ಯಾರು, ಪುಸ್ತಕವೆಲ್ಲಿ ಎಂಬ ಆಕ್ಷೇಪಕ್ಕೆ ಬರುತ್ತೇನೆ, ಅದರಲ್ಲಿ ಹುರುಳಿದೆ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' 1934ರದು. ಗಂಡಸರು ಹೆಣ್ಣುವೇಷ ಕಟ್ಟುತ್ತಿದ್ದ ರಂಗಭೂಮಿಯ ಕಾಲದಿಂದ ಬಂದ ಜನ ತ್ರಿಪುರಾಂಬ ಅವರನ್ನು ಸುಲೋಚನೆಯಾಗಿ ತೆರೆಯ ಮೇಲೆ ಹೇಗೆ ನೋಡಿದರೆಂದು ತಿಳಿಯಲು ಇಂದು ಚಿತ್ರದ ಪ್ರತಿಯೇ ಉಳಿದಿಲ್ಲ. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಭಂಡಾರ 1964ರಲ್ಲಿ ಆರಂಭವಾಗುವಷ್ಟರಲ್ಲಿ ಮೂವತ್ತು ವರ್ಷ ಕಳೆದಿತ್ತು. ಚಿತ್ರ ಹೋಯಿತು, ನೋಡಿದವರ ನೆನಪು ಪೂರ್ತಿ ಹೋಗಿಲ್ಲ. ಟಾಕೀಸಿನ ಬಾಗಿಲಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕಗಳು ಎಷ್ಟೋ ಮನೆಗಳ ಅಟ್ಟದ ಮೇಲಿವೆ. ಹೊಲಿದಿಟ್ಟ ಧಾರಾವಾಹಿಗಳಿವೆ. 1972ರಲ್ಲಿ ಇಪ್ಪತ್ತು ವರ್ಷದವರಾಗಿದ್ದ ಹೆಂಗಸರು ಈಗ ಎಪ್ಪತ್ತು ದಾಟಿದ್ದಾರೆ. ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಮನೆಯ ಅಥವಾ ಬೀದಿಯ ಒಬ್ಬ ಹಿರಿಯಳನ್ನು ಕೂರಿಸಿಕೊಂಡು, ಮೊದಲು ನೋಡಿದ ಚಿತ್ರ ಯಾವುದು, ಯಾರ ಜೊತೆ ಹೋದಿರಿ, ದುಡ್ಡು ಯಾರು ಕೊಟ್ಟರು, ಮನೆಯಲ್ಲಿ ಏನು ಹೇಳಿ ಹೊರಟಿರಿ, ಯಾವ ದೃಶ್ಯಕ್ಕೆ ಸಿಟ್ಟು ಬಂತು ಎಂದು ಕೇಳಿ ಹತ್ತು ಪುಟ ಬರೆದು ತಂದರೆ ಆ ವರ್ಷದ ಪಠ್ಯಪುಸ್ತಕ ಸಿದ್ಧವಾಗುತ್ತದೆ. ಸರಕಾರದ ಅನುದಾನ ಬೇಡ. ಆದರೆ ಕಾಯುವ ಹಾಗಿಲ್ಲ.

ನಮ್ಮ ಕಾಲೇಜಿನಲ್ಲಿ ಈ ಕೆಲಸವನ್ನು ಆಂತರಿಕ ಅಂಕಗಳ ಲೆಕ್ಕದಲ್ಲಿ, ಪಾಠಪಟ್ಟಿಯ ಹೊರಗೆ, ಈ ವರ್ಷ ಆರಂಭಿಸಿದ್ದೇವೆ. ಇದುವರೆಗೆ 31 ಮಂದಿ ಬರೆದು ತಂದಿದ್ದಾರೆ. ಅದರಲ್ಲಿ ಹತ್ತೊಂಬತ್ತು ಮಂದಿಯ ಅಜ್ಜಿಯರು ದೇವಸ್ಥಾನಕ್ಕೆ ಹೋಗುತ್ತೇನೆಂದು ಹೇಳಿ ಮ್ಯಾಟಿನಿಗೆ ಹೋಗಿದ್ದವರು.